ಮೂರನೆಯ ಗುಟುಕು

ಬಿಯರು ಕಾರ್ಖಾನೆಯಲ್ಲಿ ಎಲ್ಲರೂ ಅವನನ್ನು ನಾಲಿಗೆಯಪ್ಪ ಎನ್ನುತ್ತಿದ್ದರು. ರುಚಿ ನೋಡುವುದು ಅವನ ಕೆಲಸ. ಎರಡು ಗುಟುಕು ಕುಡಿದು ದೋಷ ಹೇಳಬೇಕು, ಮುಂದಿನ ಗ್ಲಾಸಿಗೆ ಕೈ ಹಾಕಬೇಕು. ಮೂರನೆಯ ಗುಟುಕಿಗೆ ನಾಲಿಗೆ ಮಂಕಾಗುತ್ತದೆ ಎಂದು ಕೆಲಸ ಕಲಿಸಿದವನು ಹೇಳಿದ್ದ. ತಲೆ ನರೆಯುವವರೆಗೂ ಅವನು ಆ ಮಾತು ಮೀರಲಿಲ್ಲ.

ನಿವೃತ್ತಿಯಾದ ಮೇಲೆ, ಹಳೆಯ ಪಬ್ಬುಗಳನ್ನು ನೋಡಿ ಆಯಾ ಊರಿನ ಬಿಯರು ಕುಡಿಯೋಣವೆಂದು ಹೆಂಡತಿಯನ್ನು ಹೊರಡಿಸಿದ. ಹೋದದ್ದೇನೋ ಸರಿ, ಕೂತರೆ ತಾನೆ? ಹಿಂದೆ ಟಪಾಲು ಗಾಡಿಗಳು ತಂಗುತ್ತಿದ್ದ ಪಬ್ಬಿನಲ್ಲಿ ಎರಡು ಗುಟುಕು ಕುಡಿದು, "ಮಾಲ್ಟು ಸೀದಿದೆ" ಎಂದು ಎದ್ದ. ಹಳೆಯ ಜೈಲಿನ ನೆಲಮಾಳಿಗೆಯ ಪಬ್ಬಿನಲ್ಲಿ, "ನಲ್ಲಿ ತೊಳೆದಿಲ್ಲ" ಎಂದು ಎದ್ದ. ಹೆಂಡತಿಗೆ ಚೀಲ ಇಳಿಸಲೂ ಪುರಸೊತ್ತಿಲ್ಲ.

ಇನ್ನೊಂದು ಊರಿನ ಬಸ್ ನಿಲ್ದಾಣದಲ್ಲಿ ಅವಳು ನಿಂತುಬಿಟ್ಟಳು.

"ರೀ, ಇಲ್ಲೂ ಎರಡು ಗುಟುಕಿಗೆ ಎದ್ರೆ ನಾನು ಸಂಜೆ ಬಸ್ಸಿಗೆ ಅಕ್ಕನ ಮನೆಗೆ. ನೀವು ನಿಮ್ಮ ನಾಲಿಗೆ ಕಟ್ಕೊಂಡು ಊರೂರು ಅಲೀರಿ."

"ಆಯ್ತು ತಾಯಿ, ಕೂರ್ತೀನಿ."

ಪಬ್ಬಿನ ಬಾಗಿಲಲ್ಲಿ ತಲೆ ತಗ್ಗಿಸಬೇಕಿತ್ತು. ಬಿಯರು ಕೊಡುವ ಕಟ್ಟೆಯ ಮುಂದಿನ ಕಲ್ಲುಹಾಸು ತಲೆಮಾರುಗಳ ಕಾಲು ತಗುಲಿ ಕುಳಿಬಿದ್ದಿತ್ತು. ಹಿತ್ತಲಲ್ಲಿ ತಾನೇ ಬಿಯರು ಕಾಯಿಸುವ ದಪ್ಪ ಮೈಯ ಒಡತಿ ಎರಡು ಗ್ಲಾಸು ತಂದಿಟ್ಟಳು.

ಅವನು ಒಂದು ಗುಟುಕು ಕುಡಿದ. ಇನ್ನೊಂದು. ದೋಷಕ್ಕಾಗಿ ಕಾದ. ಸಿಗಲಿಲ್ಲ. ನಾಲಿಗೆಯೇ ಸತ್ತಿತೋ ಏನೋ ಎಂದುಕೊಂಡ. ಹಿಮ್ಮಡಿ ತಾನಾಗಿ ನೆಲ ಕುಟ್ಟತೊಡಗಿತು. ತನಗೇ ತಿಳಿಯುವ ಮೊದಲು ಎದ್ದು ನಿಂತಿದ್ದ.

ಒಡತಿ ಗ್ಲಾಸು ನೋಡಿದಳು. ಒದ್ದೆ ಬಟ್ಟೆ ತಂದು ಪೀಪಾಯಿಯ ನಲ್ಲಿಗೆ ಸುತ್ತಿದಳು. ಹೊಸಬನೊಬ್ಬ ಅರ್ಧ ಬಿಟ್ಟೆದ್ದರೆ, ಅವನು ಕಾರಣ ಹೇಳುವವರೆಗೆ, ಇಲ್ಲವೇ ಗ್ಲಾಸು ಮುಗಿಸುವವರೆಗೆ, ಆ ಪೀಪಾಯಿಯಿಂದ ಯಾರಿಗೂ ಹನಿ ಇಲ್ಲ. ಅದು ಆ ಮನೆಯ ಹಳೆಯ ಕಟ್ಟಳೆ.

"ಈ ಅಣ್ಣ ನಮ್ಮ ಸಂಜೆಗೆ ಮಣ್ಣು ಹಾಕಿದ್ನಲ್ಲಪ್ಪ!" ಖಾಲಿ ಗ್ಲಾಸು ಹಿಡಿದ ಗಾರೆಯವನು ಗೊಣಗಿದ.

"ಏನು ಕೆಟ್ಟಿದೆ ಹೇಳಿ ಯಜಮಾನ್ರೇ, ಚರಂಡಿಗೆ ಸುರೀತೀನಿ," ಎಂದಳು ಒಡತಿ.

"ಏನೂ ಕೆಟ್ಟಿಲ್ಲಮ್ಮ."

"ಮತ್ತೆ ಎದ್ದಿದ್ಯಾಕೆ?"



"ಊಟಾನೂ ಹೀಗೇ ಕಣಮ್ಮ, ನಿಂತ್ಕೊಂಡೇ," ಎನ್ನುತ್ತ ಹೆಂಡತಿ ಚೀಲ ಹೆಗಲಿಗೇರಿಸಿದಳು. ಬಾಗಿಲ ಕಡೆ ನಡೆದಳು.

"ಇರೇ!" ಅವನು ಧೊಪ್ಪನೆ ಕೂತ. ಗ್ಲಾಸೆತ್ತಿ ಮೂರನೆಯ ಗುಟುಕು ಕುಡಿದ.

ಅವಳು ಬಾಗಿಲಲ್ಲೇ ನಿಂತು ನೋಡಿದಳು. ಅವನು ಔಷಧಿ ಕುಡಿಯುವವನಂತೆ ಮುಖ ಮಾಡಿಕೊಂಡು ಕುಡಿಯುತ್ತಿದ್ದ. ಅರ್ಧ ದಾಟಿದ ಮೇಲೆ ತಟ್ಟನೆ ನಿಲ್ಲಿಸಿದ. ಕಹಿ ಹಿಂದೆ ಸರಿದು, ಸುಟ್ಟ ರೊಟ್ಟಿಯಂಚಿನ ವಾಸನೆಯೊಂದು ಮೇಲೆದ್ದಿತ್ತು.

"ಇದು ಬೇರೆ ಬಿಯರು!"

"ಅದೇ ಬಿಯರು. ಸ್ವಲ್ಪ ಬೆಚ್ಚಗಾಗೋಕೆ ಬಿಟ್ರಿ, ಅಷ್ಟೇ," ಎಂದಳು ಒಡತಿ.

ಜೀವಮಾನವಿಡೀ ಬಿಯರು ಕುಡಿದವನು ಗ್ಲಾಸಿನ ಕೆಳಗಿನರ್ಧದ ರುಚಿ ಕಂಡದ್ದು ಅಂದೇ. ತಳ ಕಂಡಾಗ ಒಡತಿ ನಲ್ಲಿಯ ಬಟ್ಟೆ ತೆಗೆದಳು. ಗಾರೆಯವನು ಎಲ್ಲರಿಗಿಂತ ಮೊದಲು ಗ್ಲಾಸು ಚಾಚಿದ.

ಹೊರಗೆ ಸಂಜೆ ಬಸ್ಸು ಹಾರನ್ ಹೊಡೆದು ಹೋಯಿತು. ಹೆಂಡತಿ ಬಂದು ಕೂತಳು, ಚೀಲ ಇನ್ನೂ ತೊಡೆಯ ಮೇಲೆ.

"ಮುಂದಿನ ಊರಲ್ಲಿ..." ಎಂದು ಅವನು ಶುರುಮಾಡಿದ.

"ಮೊದಲು ಇಲ್ಲಿ ಇನ್ನೊಂದು ಗ್ಲಾಸು ಹೇಳಿ."

ಅವನು ಹೇಳಿದ. ಮೇಜಿನ ಕೆಳಗೆ ಹಿಮ್ಮಡಿ ಮಾತ್ರ ಇನ್ನೂ ಕುಟ್ಟುತ್ತಲೇ ಇತ್ತು. ಅವಳು ಚೀಲವನ್ನು ಆ ಕಾಲಿನ ಮೇಲೆಯೇ ಇಳಿಸಿದಳು.