ಪೇಪರ್ ಫೋಟೋಗೆ ರೇಷ್ಮೆ ಸೀರೆ

ಶ್ರೀನಿವಾಸಪುರದ ನಮ್ಮ ಮನೆಯ ಬಚ್ಚಲಿಗೆ ಎರಡು ಕೆಲಸ. ಬೆಳಿಗ್ಗೆ ಮಗಳಿಗೆ ನೀರು ಹಾಕುವುದು, ಸಂಜೆ ನಮ್ಮ ಯಜಮಾನರು ಫಿಲಂ ತೊಳೆಯುವುದು. ಕಿಟಕಿಗೆ ಕಂಬಳಿ ಕಟ್ಟಿದರೆ ಅದೇ ಡಾರ್ಕ್‌ರೂಮು. ಹಗ್ಗದ ಒಂದು ತುದಿಯಲ್ಲಿ ಮಗುವಿನ ಬಟ್ಟೆ, ಇನ್ನೊಂದು ತುದಿಯಲ್ಲಿ ಕ್ಲಿಪ್ಪು ಹಾಕಿದ ಫಿಲಂ. ಒದ್ದೆ ಬಟ್ಟೆ ಕೊಡವಿದರೆ ಫಿಲಂ ಮೇಲೆ ಕಲೆ ಕೂರುತ್ತದೆ ಎಂಬುದನ್ನು ನಾನು ಬೇಗ ಕಲಿತೆ.

ಗಂಡನ ಹೆಸರು ಹೇಳಬಾರದಂತೆ. ಬರೆಯಬಾರದೆಂದು ಯಾರೂ ಹೇಳಿಲ್ಲ. ಇವರ ಹೆಸರು ಆಂಜಿನಪ್ಪ. ಯಲ್ದೂರಿನ ಕಡೆ ಹಿಪ್ಪುನೇರಳೆ ಬೆಳೆಯುವ ಮನೆಯವರು. ಎಪ್ಪತ್ತರ ದಶಕದ ಶುರುವಿನಲ್ಲಿ ರೇಷ್ಮೆ ಹುಳು ಅಣ್ಣನಿಗೆ ಬಿಟ್ಟು ಇಮಾಮ್ ಸಾಬರ ಸ್ಟುಡಿಯೋ ಸೇರಿದರು. ಅಲ್ಲಿ ಫೋಟೋಗಿಂತ ಮೊದಲು ಕನ್ನಡಿ. ಯಾರೇ ಬರಲಿ, ಸಾಬರು ಬಾಚಣಿಗೆ, ಪೌಡರು ಕೊಟ್ಟು ಕನ್ನಡಿ ಮುಂದೆ ನಿಲ್ಲಿಸುತ್ತಿದ್ದರು. ತಮ್ಮ ಮುಖ ತಮಗೆ ಒಪ್ಪಿಗೆಯಾದ ಮೇಲೆಯೇ ಕ್ಯಾಮೆರಾ.

ಬೆಂಗಳೂರಿನ ಪತ್ರಿಕೆಯೊಂದಕ್ಕೆ ಫೋಟೋ ಕಳಿಸಲು ಹಿಡಿದ ಮೇಲೆ ಇವರು ಆ ಪದ್ಧತಿ ಬಿಟ್ಟರು. ಮಾಲೂರಿನ ಇಟ್ಟಿಗೆ ಗೂಡಿನ ಕೂಲಿಗಳು, ಮುಳಬಾಗಿಲಿನ ಚುನಾವಣಾ ಸಭೆ, ಕೋಲಾರದ ಧರಣಿ, ಎಲ್ಲವೂ ಇದ್ದದ್ದು ಇದ್ದ ಹಾಗೆ. ಕವರನ್ನು ಬಸ್ ಕಂಡಕ್ಟರ್ ಕೈಗಿತ್ತರೆ ಸಂಜೆಗೆ ಬೆಂಗಳೂರು. ನಮ್ಮ ತಾಲ್ಲೂಕುಗಳ ಸುದ್ದಿ ಎಂದರೆ ಆಂಜಿನಪ್ಪನ ಫೋಟೋ ಬರಲಿ ಎಂದು ಪತ್ರಿಕೆಯವರೇ ಕೇಳುವಷ್ಟಾಯಿತು.

ಎಂಬತ್ಮೂರರ ಈ ಬೇಸಿಗೆ. ರಾಯಲ್ಪಾಡಿನ ಆಚೆಯ ಒಂದು ಕೇರಿಯಲ್ಲಿ ಕೈಪಂಪು ಕೆಟ್ಟು ನಿಂತಿತ್ತು. ಎಷ್ಟು ಅರ್ಜಿ ಕೊಟ್ಟರೂ ಯಾರೂ ತಿರುಗಿ ನೋಡಲಿಲ್ಲ. ಮಾವಿನ ತೋಟದವರ ಮೋಟಾರು ಓಡಿದಾಗ ಮಾತ್ರ ಹೆಂಗಸರಿಗೆ ನೀರು. ಕೇರಿಯ ಹಿರಿಯಳು ಕದಿರಮ್ಮ, ಪೇಪರಿನಲ್ಲಿ ಬಂದರಾದರೂ ಪಂಪು ರಿಪೇರಿ ಆದೀತೆಂದು ಇವರಿಗೆ ಹೇಳಿ ಕಳಿಸಿದಳು.

ಇವರು ಬರುವ ದಿನ ಮೊದಲೇ ತಿಳಿಸಿ ಹೋದರು. ಅದೇ ತಪ್ಪಾಯಿತು. ಇಡೀ ಕೇರಿ ಮದುವೆಯ ಸೀರೆ ಉಟ್ಟು, ಹೂ ಮುಡಿದು, ಮಕ್ಕಳಿಗೆ ಎಣ್ಣೆ ಬಳಿದು ಸಾಲಾಗಿ ನಿಂತಿತ್ತು. ಕೆಟ್ಟ ಪಂಪು ಅವರ ಬೆನ್ನ ಹಿಂದೆ ಮುಚ್ಚಿಹೋಗಿತ್ತು. ಪಂಪು ಕಾಣುವಂತೆ ಸರಿದು ನಿಲ್ಲಿ ಎಂಬ ಇವರ ಮಾತು ಯಾರೂ ಕೇಳಲಿಲ್ಲ. ಕಳಿಸಿದ ಫೋಟೋ ವಾಪಸು ಬಂತು. ಅದರ ಬೆನ್ನಿಗೆ ಪೆನ್ಸಿಲಿನಲ್ಲಿ, ‘ಯಾರ ಮದುವೆ?’

ಎರಡನೇ ಸಲ ಇವರು ಯಾರಿಗೂ ಹೇಳದೆ ಮೊದಲ ಬಸ್ಸಿಗೆ ಹೋದರು. ಕದಿರಮ್ಮ ಹರಕು ಸೀರೆಯಲ್ಲಿ ಅಂಗಳ ಗುಡಿಸುತ್ತಿದ್ದಳು. ಕ್ಯಾಮೆರಾ ಕಂಡು ಪೊರಕೆ ಅಡ್ಡ ಹಿಡಿದಳು.

“ಹೇಳ್ದೆ ಕೇಳ್ದೆ ಬಂದ್ಯೇನಪ್ಪಾ, ಕಳ್ಳನಂಗೆ?”

“ಒಳ್ಳೆ ಸೀರೆ ಉಟ್ರೆ ನಿಮ್ಗೆ ಕಷ್ಟ ಐತೆ ಅಂತ ಯಾರೂ ನಂಬಲ್ಲಮ್ಮ.”

“ನೀರಿಲ್ದೋರ್ಗೆ ಮಾನನೂ ಇಲ್ಲ ಅಂದ್ಕೊಂಡ್ಯಾ? ಪೇಪರ್ನಾಗೆ ನನ್ ಮೊಕ ಬರೋದು ಒಂದೇ ಸಲ ಕಣಪ್ಪಾ. ಕೂತ್ಕೋ, ಬರ್ತೀನಿ.”

ಅಲ್ಲೇ ಕ್ಲಿಕ್ ಮಾಡಿದ್ದರೆ ಪೇಪರಿನವರಿಗೆ ಬೇಕಾದ ಫೋಟೋ ಸಿಗುತ್ತಿತ್ತು. ಇವರಿಗೆ ಸಾಬರ ಕನ್ನಡಿ ನೆನಪಾಯಿತಂತೆ. ಕ್ಯಾಮೆರಾ ಇಳಿಸಿ ಜಗಲಿಯ ಮೇಲೆ ಕೂತರು.

ಕದಿರಮ್ಮ ಕೆಂಪು ರೇಷ್ಮೆ ಉಟ್ಟು ಬಂದಳು. ಅವಳನ್ನು ನೋಡಿ ಉಳಿದವರೂ ಉಟ್ಟರು. ಮತ್ತೆ ಅದೇ ಸಾಲು, ಅದೇ ಬಿಗಿದ ಮುಖ. ಅಷ್ಟರಲ್ಲಿ ತೋಟದ ಕಡೆಯಿಂದ ಕೂಗು ಬಂತು, ಕರೆಂಟು ಬಂದಿದೆಯೆಂದು. ಫೋಟೋ ಯಾರಿಗೆ ಬೇಕು? ಸಾಲು ಚದುರಿತು. ರೇಷ್ಮೆ ನೆರಿಗೆ ಮೊಣಕಾಲಿಗೆತ್ತಿ ಸಿಕ್ಕಿಸಿ, ಖಾಲಿ ಬಿಂದಿಗೆ ಹಿಡಿದು, ಕೆಟ್ಟ ಪಂಪನ್ನು ದಾಟಿಕೊಂಡು ಹೆಂಗಸರೆಲ್ಲ ತೋಟದತ್ತ ಓಡಿದರು. ಮುಂದೆ ಕದಿರಮ್ಮ. ಇವರು ಎದ್ದು ನಿಂತು ಹಿಡಿದದ್ದು ಅದನ್ನು.

ಆ ಸಂಜೆ ಹಗ್ಗದಲ್ಲಿ ಒದ್ದೆ ಫಿಲಂ ನೋಡಿದಾಗಲೇ, ಇದು ವಾಪಸು ಬರುವುದಿಲ್ಲ ಎಂದೆ. ಮೊದಲ ಪುಟದಲ್ಲೇ ದೊಡ್ಡದಾಗಿ ಬಂತು. ಬೆನ್ನಲ್ಲೇ ಕೇರಿಗೆ ಪಂಪು ರಿಪೇರಿಯವರ ಜೀಪೂ ಬಂತು.

ಕದಿರಮ್ಮನಿಗೆ ಮಾತ್ರ ಒಂದು ಬೇಜಾರು: ಕೆಂಪು ಸೀರೆ ಪೇಪರಿನಲ್ಲಿ ಕಪ್ಪಾಗಿ ಬಂದಿದೆ. ನಿನ್ನೆ ಕಂಡಕ್ಟರ್ ಕೈಲಿ ಹೇಳಿ ಕಳಿಸಿದ್ದಾಳೆ. ಪಂಪಿನಲ್ಲಿ ನೀರು ಬರುತ್ತಿದೆ, ಅದನ್ನೂ ಹಿಡಿಯಬೇಕಂತೆ, ಈ ಸಲ ತಿಳಿ ಬಣ್ಣದ ಸೀರೆ ತೆಗೆದಿಟ್ಟಿದ್ದಾಳಂತೆ.

ಬರುತ್ತೇನೆಂದು ಮೊದಲೇ ತಿಳಿಸಿ ಇವತ್ತು ಬೆಳಿಗ್ಗೆ ಇವರು ಹೊರಟರು. ಬುತ್ತಿ ಇಡಲು ಚೀಲ ತೆರೆದರೆ, ಫಿಲಂ ಪಕ್ಕದಲ್ಲಿ ನನ್ನ ಕೈಗನ್ನಡಿ. ಅದರ ಮೇಲೇ ಬುತ್ತಿ ಇಟ್ಟು ಕಳಿಸಿದೆ. ಆಮೇಲೆ ಸ್ಟೀಲ್ ತಟ್ಟೆ ನೋಡಿಕೊಂಡು ಬೊಟ್ಟಿಟ್ಟುಕೊಂಡೆ.