ಹತ್ತು ಹೆಜ್ಜೆಗೊಂದು ಫೋಟೋ
ಬೀದಿಯವರ ಬಾಯಲ್ಲಿ ಅವನು ‘ಕ್ಲಿಕ್ ಮಾವ’. ಕೊರಳಲ್ಲಿ ಕ್ಯಾಮೆರಾ, ಕಾಲಲ್ಲಿ ಸವೆದ ಚಪ್ಪಲಿ, ಹತ್ತು ಹೆಜ್ಜೆಗೊಂದು ಫೋಟೋ. ಗಡಿಯಾರ ಗೋಪುರವೇ ಆದರೂ ಹನ್ನೊಂದನೇ ಹೆಜ್ಜೆಗೆ ಬಂದರೆ ಅದಕ್ಕೆ ಯೋಗವಿಲ್ಲ. ಹತ್ತನೆಯದಕ್ಕೆ ಸಿಕ್ಕ ಮೋರಿ ಎಳೆಬಿಸಿಲಲ್ಲಿ ಮದುವಣಗಿತ್ತಿಯಂತೆ ನಾಚಿ ನಿಲ್ಲುತ್ತದೆ. “ಊರು ಅಳೀತಿದೀರಾ ಮಾವ, ಕೊಂಡ್ಕೊಳ್ಳೋಕಾ?” ಎಂದು ಕ್ಷೌರದಂಗಡಿಯವನು ಕೆಣಕಿದರೆ, “ಸುಮ್ನಿರಯ್ಯ, ಹೆಜ್ಜೆ ತಪ್ಪುತ್ತೆ,” ಎಂದು ನಿದ್ದೆಯಲ್ಲಿ ತೇಲುವವನಂತೆ ಮುಂದೆ ಹೋಗುತ್ತಾನೆ. ಸಂಜೆ, ವರ್ಷಗಳಿಂದ ಮಂಚ ಬಿಟ್ಟೇಳದ ಅಕ್ಕನ ಮುಂದೆ ಫೋಟೋಗಳನ್ನು ಸಾಲಾಗಿ ಹರಡುತ್ತಾನೆ. ಅವಳು ಬೆರಳಲ್ಲೇ ನಡೆಯುತ್ತ ಒಂದೊಂದನ್ನೇ ದಾಟುತ್ತಾಳೆ. ನಿನ್ನೆ ಮೋಡ ನೋಡುತ್ತ ಒಂದು ತಿರುವನ್ನು ಬಿಟ್ಟುಬಂದಿದ್ದ. “ಇಲ್ಲಿಂದ ಹೇಗೋ ಹೋಗ್ಲಿ?” ಎಂದು ಅಕ್ಕ ಆ ಮೂಲೆಯಲ್ಲೇ ನಿಂತುಬಿಟ್ಟಿದ್ದಳು. ಇವತ್ತು ಆ ತಿರುವೂ ಬಂತು. ಕೊನೆಯ ಫೋಟೋ ಮುಟ್ಟಿದ ಅಕ್ಕ, ಹೊದಿಕೆಯೊಳಗೆ ಮೊಣಕಾಲು ಸವರಿಕೊಂಡಳು: “ಕಾಲು ಸೋತ್ವು ಕಣೋ. ನಾಳೆ ಸ್ವಲ್ಪ ನಿಧಾನಕ್ಕೆ ನಡಿ.”