ತೊಂಬತ್ತೊಂದು ಕುಳಿಯ ಟ್ರೇ

ಹೊಗೆಸೊಪ್ಪಿನ ಸಸಿ ಬೆಳೆಸುವ ಪ್ಲಾಸ್ಟಿಕ್ ಟ್ರೇ ಒಂದನ್ನು ಕಂಕುಳಲ್ಲಿ ಇರುಕಿಕೊಂಡು ನಾನು ಮಗಳ ಸ್ಕೂಲಿಗೆ ಹೋದದ್ದು ಜಗಳಕ್ಕೇ. ಸುಮ್ಮನೆ ವಿಚಾರಿಸಿಕೊಂಡು ಬರಲು ಹೋಗಿದ್ದೆ ಎಂದರೆ ಸುಳ್ಳಾಗುತ್ತದೆ.

ಹಿಂದಿನ ದಿನ ಅವಳ ಗಣಿತದ ಮೇಷ್ಟ್ರು ಬೋರ್ಡಿನ ಮೇಲೆ ಅವಿಭಾಜ್ಯ ಸಂಖ್ಯೆಗಳ ಪಟ್ಟಿ ಬರೆದಿದ್ದರಂತೆ. ಅಂದರೆ ಒಂದನ್ನೂ ತನ್ನನ್ನೂ ಬಿಟ್ಟು ಬೇರೆ ಯಾವುದಕ್ಕೂ ಸಮನಾಗಿ ಭಾಗವಾಗದ ಸಂಖ್ಯೆಗಳು. ಅದರಲ್ಲಿ ತೊಂಬತ್ತೊಂದೂ ಇತ್ತು. ಇವಳು ಎದ್ದು ನಿಂತು, ಅದು ಏಳರಿಂದ ಭಾಗವಾಗುತ್ತದೆ ಎಂದಳು. ಎರಡು, ಮೂರು, ಐದರಿಂದ ಹೋಗುವುದಿಲ್ಲ, ಅಲ್ಲಿಗೆ ಮುಗಿಯಿತು ಎಂದರು ಮೇಷ್ಟ್ರು. ಇವಳು ಪಟ್ಟು ಬಿಡಲಿಲ್ಲ. ಎದುರು ಮಾತಾಡಿದ್ದಕ್ಕೆ ಇಡೀ ತರಗತಿಯ ಮುಂದೆ ಕ್ಷಮೆ ಕೇಳಿಸಿದರು.

ಮನೆಗೆ ಬಂದವಳು, “ಇನ್ಮೇಲೆ ಕ್ಲಾಸಲ್ಲಿ ನಾನು ಬಾಯೇ ಬುಡಕಿಲ್ಲ ಕಣವ್ವ” ಎಂದಳು. ಬೆಳಗಾಗುತ್ತಲೇ ನಾನು ಟ್ರೇ ಎತ್ತಿಕೊಂಡೆ.

ಅವಳಿಗೆ ತೊಂಬತ್ತೊಂದು ಗೊತ್ತಿದ್ದದ್ದು ಪುಸ್ತಕದಿಂದಲ್ಲ. ಹುಣಸೂರಿನ ಕಡೆ ನಾವು ಬಳಸುವ ಟ್ರೇಯಲ್ಲಿ ಅಡ್ಡಕ್ಕೆ ಏಳು, ಉದ್ದಕ್ಕೆ ಹದಿನಾಲ್ಕು, ಒಟ್ಟು ತೊಂಬತ್ತೆಂಟು ಕುಳಿ. ನಮ್ಮವು ಹಳೆಯವು. ಎತ್ತಿ ಇಳಿಸಿ ತುದಿಯ ಒಂದು ಸಾಲು ಮುರಿದುಹೋಗಿದೆ. ಉಳಿದ ಹದಿಮೂರು ಸಾಲಿಗೇ ತೆಂಗಿನ ನಾರಿನ ಪುಡಿ ತುಂಬಿ ಸಸಿ ಇಡುತ್ತೇವೆ. ರಜೆಯಲ್ಲಿ ನನ್ನ ಪಕ್ಕ ಕೂತು ಅವಳೇ ಕಂಡುಕೊಂಡಿದ್ದಳು: ಉದ್ದಕ್ಕೆ ಒಂದೇ ಸಾಲು ಮಾಡುವುದನ್ನು ಬಿಟ್ಟರೆ, ತೊಂಬತ್ತೊಂದು ಸಸಿಯನ್ನು ಏಳು, ಹದಿಮೂರರ ಲೆಕ್ಕದಲ್ಲಿ ಮಾತ್ರ ಸಮನಾಗಿ ನಿಲ್ಲಿಸಬಹುದು. ಒಂದು, ಎರಡು, ಮೂರು ಎಂದು ಹದಿಮೂರರವರೆಗೆ ಕೂಡಿದರೂ ಬರುವುದು ಅದೇ ತೊಂಬತ್ತೊಂದು. ಜಗುಲಿಯ ಮೇಲೆ ಹುಣಸೆಬೀಜ ಜೋಡಿಸಿ ತ್ರಿಕೋನ ಮಾಡಿ ತೋರಿಸಿದ್ದಳು. ಇಷ್ಟು ತಿಳಿದ ಹುಡುಗಿ ಬಾಯಿ ಮುಚ್ಚಿಕೊಂಡು ಇರಬೇಕಂತೆ!

ಮೇಷ್ಟ್ರು ತರಗತಿಯ ಬಾಗಿಲಿಗೆ ಬಂದರು. ನಾನು ಟ್ರೇ ಚಾಚಿದೆ.

“ಏನಮ್ಮ ಇದು? ನನಗೇ ಮಗ್ಗಿ ಹೇಳಿಕೊಡೋಕೆ ಬಂದ್ರಾ?”

“ಮೇಷ್ಟ್ರಿಗೆ ಮಗ್ಗಿ ಕಲ್ಸೋ ಅಷ್ಟು ದೊಡ್ಡೋಳಲ್ಲ ಸಾರ್ ನಾನು. ಬರೀ ಎಣ್ಸಿ ಅಂತಿದ್ದೀನಿ.”

ಎಣಿಸಿದರು. ಮೊದಲು ಒಂದು ಸಾಲಿನ ಕುಳಿಗಳನ್ನು, ಆಮೇಲೆ ಸಾಲುಗಳನ್ನು. ಹದಿಮೂರಕ್ಕೆ ಬಂದಾಗ ಬೆರಳು ನಿಂತಿತು. ಏಳನ್ನು ಪರೀಕ್ಷಿಸದೆ ಬಿಟ್ಟದ್ದು ದೊಡ್ಡ ಪಾಪವೇನಲ್ಲ, ಯಾರಿಗಾದರೂ ಆಗುವ ತಪ್ಪು. ಆದರೆ ಅವರು ಮೆಲ್ಲಗೆ, “ಆಯ್ತು ಬಿಡಿಮ್ಮ, ಸರಿ ಮಾಡ್ಕೋತೀನಿ. ನೀವು ಹೊರಡಿ” ಎಂದರಲ್ಲ, ಆ ಮೆಲುದನಿ ನನಗೆ ಸಾಕಾಗಲಿಲ್ಲ. ನನ್ನ ಮಗಳ ಮಾನ ಕಳೆಯುವಾಗ ಗಂಟಲು ಗಟ್ಟಿಯಾಗಿಯೇ ಇತ್ತು.

“ಬೋರ್ಡ್ ಮೇಲೆ ಬರೀರಿ ಸಾರ್. ಮಕ್ಳೆಲ್ಲ ನೋಡ್ಲಿ. ಅಲ್ಲೀಗಂಟ ನಾನು ಕದಲಕಿಲ್ಲ.”

ಬಾಗಿಲಲ್ಲೇ ನಿಂತೆ. ಮೇಷ್ಟ್ರು ನನ್ನನ್ನೊಮ್ಮೆ, ಮಕ್ಕಳನ್ನೊಮ್ಮೆ ನೋಡಿದರು. ಕೊನೆಗೆ ಸೀಮೆಸುಣ್ಣ ತೆಗೆದುಕೊಂಡು ಏಳು ಗುಣಿಸು ಹದಿಮೂರು, ತೊಂಬತ್ತೊಂದು ಎಂದು ದೊಡ್ಡದಾಗಿ ಬರೆದರು. ಮಗಳನ್ನು ಎಬ್ಬಿಸಿ, “ನೀನು ಹೇಳಿದ್ದೇ ಸರಿ. ಕೂತ್ಕೊ” ಎಂದರು.

ಅವಳು ಕೂರಲಿಲ್ಲ.

“ಸಾರ್, ನೆನ್ನೆ ನಾನು ಕೇಳಿದ್ ಕ್ಷಮೆ ವಾಪಸ್ ತಗೋತೀನಿ” ಎಂದಳು.